ದೀಪದ ಬುಡದ ಕತ್ತಲು

ಬೆಳಗಾವಿಯ ಕೋಟೆಯ ಕಂದಕದ ಬದಿಯಲ್ಲಿ ಮುಂಜಾವಿನಲ್ಲಿ ತಿರುಗಾಡಿ ಬರುವುದು ನನ್ನ ಬಹುಕಾಲದ ರೂಢಿ. ನಾನು ಮನೆಗೆ ಮರಳುವ ಹೊತ್ತಿಗೆ ಊರಿನ ಆಸ್ಪತ್ರೆಗಳಲ್ಲಿ ರಾತ್ರಿಯ ಪಾಳಿ ಮುಗಿದಿರುತ್ತದೆ. ಹೆಗಲಿಗೊಂದು ಚೀಲ ಹಾಕಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆಯುವ ದಾದಿಯರು ಇಬ್ಬರೋ ಮೂವರೋ ಎದುರಾಗುತ್ತಾರೆ. ಖಾನಾಪುರದ ಕಡೆಯ ಹಳ್ಳಿಗಳಿಂದ ಬಂದು ಹೋಗುವವರೂ ಅವರಲ್ಲಿದ್ದಾರೆ. ಜೊತೆಯಾಗಿ ನಡೆದರೂ ಅವರು ಮಾತನಾಡುವುದು ಕಡಿಮೆ. ಅದು ನಿದ್ದೆಗೆಟ್ಟ ಆಯಾಸವೆಂದೇ ನಾನು ಬಹಳ ದಿನ ತಿಳಿದಿದ್ದೆನು. ಆ ಮೌನ ಅಷ್ಟು ಸರಳವಾದದ್ದಲ್ಲವೆಂದು ನನಗೆ ತಿಳಿಸಿಕೊಟ್ಟವಳು ನನ್ನ ತಂಗಿಯ ಮಗಳು. ಆಕೆ ಒಂದು ಆಸ್ಪತ್ರೆಯಲ್ಲಿ, ಎಲ್ಲರೂ ಕ್ಯಾಜುಯಲ್ಟಿ ಎಂದು ಕರೆಯುವ ತುರ್ತು ಚಿಕಿತ್ಸೆಯ ವಿಭಾಗದಲ್ಲಿ, ದಾದಿ.

ಕೆಲವು ವರ್ಷಗಳ ಹಿಂದಿನ ಮಾತು. ಮೇ 12ರ ದಾದಿಯರ ದಿನದಂದು ಒಂದು ಸಂಸ್ಥೆಯವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನಿಗೆ ಇಂಥ ವಿಷಯದಲ್ಲಿ ಮಾತಿಗೇನು ಬಡತನ? ಫ್ಲಾರೆನ್ಸ್ ನೈಟಿಂಗೇಲಳ ಕೈಯ ದೀಪ, ಆಕೆಯ ಕರುಣೆ, ಆಕೆಯ ತ್ಯಾಗ, ತಾನು ಉರಿದು ಲೋಕಕ್ಕೆ ಬೆಳಕು ಕೊಡುವ ಬತ್ತಿ, ಹೀಗೆ ಅರ್ಧ ತಾಸು ಮಾತನಾಡಿದೆನು. ಚಪ್ಪಾಳೆಯೂ ಬಿದ್ದಿತು. ರಾತ್ರಿಯ ಪಾಳಿ ಮುಗಿಸಿ ಬಂದಿದ್ದ ನನ್ನ ತಂಗಿಯ ಮಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

ಮನೆಗೆ ಮರಳುವ ದಾರಿಯಲ್ಲಿ ಆಕೆ ಹಿಂದಿನ ರಾತ್ರಿಯ ಸಂಗತಿಯನ್ನು ಹೇಳಿದಳು. ಕಾಡಂಚಿನ ಹಳ್ಳಿಯೊಂದರಿಂದ ಹಾವು ಕಚ್ಚಿದ ಹುಡುಗನೊಬ್ಬನನ್ನು ತಂದಿದ್ದರು. ತರುವಾಗಲೇ ಹೊತ್ತು ಮೀರಿತ್ತು. ಹುಡುಗ ಅವಳ ಕೈಯಲ್ಲಿಯೇ ತೀರಿಕೊಂಡನು. ಕೈ ತೊಳೆದುಕೊಂಡು ಎರಡು ನಿಮಿಷದೊಳಗೆ ಆಕೆ ಮುಂದಿನ ಮಂಚಕ್ಕೆ ಹೋಗಬೇಕಾಯಿತು. ಅಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದವನು ನರಳುತ್ತಿದ್ದನು. ಇತ್ತ ಹುಡುಗನ ತಾಯಿಯ ಅಳು ನಿಂತಿರಲಿಲ್ಲ. ಬೆಳಗಾಗುವವರೆಗೆ ಒಂದು ಲೋಟ ನೀರು ಕುಡಿಯಲು ಬಿಡುವಾಗಲಿಲ್ಲ, ಏಕೆಂದರೆ ಆಕೆಯ ಜಾಗದಲ್ಲಿ ನಿಲ್ಲಲು ಇನ್ನೊಬ್ಬರಿರಲಿಲ್ಲ. ಎರಡು ದಿನದ ರಜೆ ಕೇಳಿದಾಗಲೆಲ್ಲ ಈ ವೃತ್ತಿಯೇ ತ್ಯಾಗದ್ದೆಂದು ಹೇಳಿ ಕಳಿಸುತ್ತಾರೆಂದೂ, ಮಾಮಾ ಕೂಡ ಇಂದು ಅದನ್ನೇ ಹೇಳಿದರೆಂದೂ ಆಕೆ ನಗುತ್ತಲೇ ಅಂದಳು. ಆ ನಗೆಯ ಮುಂದೆ ನನ್ನ ಚಪ್ಪಾಳೆಗಳೆಲ್ಲ ಸಪ್ಪೆಯಾದವು.

ಆ ರಾತ್ರಿಯೇ ನಾನು ನೈಟಿಂಗೇಲಳ ಚರಿತ್ರೆಯನ್ನು ಮತ್ತೆ ಮೊದಲಿನಿಂದ ಓದಲು ತೊಡಗಿದೆನು. ಬಾಲಕರ ಪಾಠದಲ್ಲಿ ಕಂಡ ದೀಪಧಾರಿಣಿಯನ್ನು ಬದಿಗಿಟ್ಟು, ಬಳಲಿದ, ಮುರಿದುಬಿದ್ದ, ಮತ್ತೆ ಎದ್ದ ಒಬ್ಬ ಕೆಲಸಗಾರ್ತಿಯನ್ನು ಹುಡುಕಿದೆನು. ದೊರೆತದ್ದನ್ನು ವಾಚಕರ ಮುಂದಿಡುತ್ತೇನೆ.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿಗಾಯಿತು. ತಂದೆತಾಯಿ ಇಂಗ್ಲೆಂಡಿನ ಸ್ಥಿತಿವಂತರು. ಎರಡು ದೊಡ್ಡ ಮನೆಗಳು, ಆಳುಕಾಳು, ಋತುವಿಗೊಂದರಂತೆ ಔತಣಕೂಟ. ತಂದೆ ವಿದ್ಯಾವಂತನು, ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್ ಲ್ಯಾಟಿನ್ ಭಾಷೆಗಳನ್ನೂ ಇತಿಹಾಸವನ್ನೂ ತಾನೇ ಕಲಿಸಿದನು. ಕಿರಿಯವಳಿಗೆ ಗಣಿತದಲ್ಲಿ ವಿಶೇಷ ಒಲವು. ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂಬ ಅನುಭವ ಆಕೆಗಾಯಿತು. ಆದರೆ ಯಾವ ಸೇವೆ ಎಂಬುದು ತಿಳಿಯಲು ಹಲವು ವರ್ಷ ಹಿಡಿಯಿತು. ತಿಳಿದ ಮೇಲೆ ಮನೆಯವರು ಒಪ್ಪಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯ ಕೆಲಸಕ್ಕೆ ಮಾನವಿರಲಿಲ್ಲ. ಬೇರೆ ಗತಿಯಿಲ್ಲದವರು ಹೊಟ್ಟೆಪಾಡಿಗಾಗಿ ಸೇರುವ ಕೆಲಸವದು. 1845ರಲ್ಲಿ ಸಮೀಪದ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯುತ್ತೇನೆಂದು ಮಗಳು ಹೇಳಿದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು.

ಮುಂದಿನ ಆರು ವರ್ಷ ಆಕೆಯ ಬಾಳಿನ ಮೊದಲನೆಯ ಬೇಗೆ. ಮಾಡಲು ಕೆಲಸವಿಲ್ಲದ ದುಃಖ ಅದು. ಒಲಿದು ಬಂದ ವರನನ್ನು ಆಕೆ ನಿರಾಕರಿಸಿದಳು. ಬೆಳಗಿನ ಜಾವ ಎದ್ದು ಆಸ್ಪತ್ರೆಗಳ ವರದಿಗಳನ್ನು ಗುಟ್ಟಾಗಿ ಓದಿದಳು. ಅಂಕಿಗಳನ್ನು ಪಟ್ಟಿ ಮಾಡಿಟ್ಟುಕೊಂಡಳು. ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಮೂರು ತಿಂಗಳು ಶುಶ್ರೂಷೆಯ ಶಿಕ್ಷಣ ಪಡೆಯಲು ಅನುಮತಿ ಸಿಕ್ಕಿತು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ, ಬಡತನಕ್ಕೆ ಬಿದ್ದ ಮರ್ಯಾದಸ್ಥ ಸ್ತ್ರೀಯರಿಗಾಗಿ ಇದ್ದ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಆಕೆಯ ಕೈಗೆ ಬಂದಿತು.

ಇಲ್ಲಿ ಆಕೆ ಮೊದಲು ಮಾಡಿದ ಕೆಲಸ ನನ್ನ ಕಣ್ಣು ತೆರೆಸಿತು. ಸೇವಾಭಾವದ ಮೇಲೆ ಆಕೆ ಉಪದೇಶ ಮಾಡಲಿಲ್ಲ. ಬಿಸಿನೀರು ಕೊಳವೆಯ ಮೂಲಕ ಪ್ರತಿ ಅಂತಸ್ತಿಗೂ ಏರಬೇಕು ಎಂದಳು. ರೋಗಿಗಳ ಊಟವನ್ನು ಅಡುಗೆಮನೆಯಿಂದ ಮೇಲಕ್ಕೆ ಎತ್ತಲು ರಾಟೆಯ ಪೆಟ್ಟಿಗೆ ಬೇಕು ಎಂದಳು. ರೋಗಿ ಗಂಟೆ ಬಾರಿಸಿದರೆ ಯಾವ ಮಂಚದ ಗಂಟೆಯೆಂಬುದು ದಾದಿಯ ಕೋಣೆಯ ಹೊರಗೆ ತಾನಾಗಿ ಕಾಣುವಂಥ ಏರ್ಪಾಡು ಬೇಕು ಎಂದಳು. ಇವಿಲ್ಲದಿದ್ದರೆ ದಾದಿಯ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿಯೇ ಸವೆದುಹೋಗುತ್ತದೆ, ಆಕೆಯಲ್ಲಿ ಕಾಲುಗಳು ಮಾತ್ರ ಉಳಿಯುತ್ತವೆ, ನೋಡುವ ಕಣ್ಣೂ ವಿಚಾರಿಸುವ ಮನಸ್ಸೂ ಉಳಿಯುವುದಿಲ್ಲ ಎಂಬುದು ಆಕೆಯ ತರ್ಕ. ದಾದಿಯ ಶಕ್ತಿಯನ್ನು ಉಳಿಸುವುದು ರೋಗಿಯನ್ನು ಉಳಿಸುವುದರ ಮೊದಲ ಭಾಗವೆಂದು ಮೂವತ್ತಮೂರನೆಯ ವಯಸ್ಸಿನಲ್ಲಿಯೇ ಆಕೆಗೆ ಹೊಳೆದಿತ್ತು.

1854ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷವಹಿಸಿ ರಷ್ಯದ ಮೇಲೆ ಯುದ್ಧ ಹೂಡಿದವು. ಕ್ರಿಮಿಯಾದಲ್ಲಿ ಗಾಯಗೊಂಡ, ಅದಕ್ಕಿಂತ ಹೆಚ್ಚಾಗಿ ರೋಗಕ್ಕೆ ಬಿದ್ದ ಸಿಪಾಯಿಗಳನ್ನು ಹಡಗುಗಳಲ್ಲಿ ತುಂಬಿ, ಕಪ್ಪು ಸಮುದ್ರ ದಾಟಿಸಿ, ಕಾನ್‌ಸ್ಟಾಂಟಿನೋಪಲ್ಲಿನ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿನ ದುರವಸ್ಥೆ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದಾಗ ದೇಶವೆಲ್ಲ ಕುದಿಯಿತು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟನು ಆಕೆಯ ಸ್ನೇಹಿತನು. ಅವನ ಕೋರಿಕೆಯಂತೆ ಆಕೆ ಅಕ್ಟೋಬರ್ 21ರಂದು 38 ದಾದಿಯರೊಡನೆ ಹೊರಟು ನವೆಂಬರ್ ಆರಂಭದಲ್ಲಿ ಸ್ಕುಟಾರಿಯನ್ನು ಮುಟ್ಟಿದಳು.

ಆಸ್ಪತ್ರೆಯೆಂದರೆ ತುರ್ಕಿಯವರು ಬಿಟ್ಟುಕೊಟ್ಟಿದ್ದ ಒಂದು ಭಾರಿ ಸೈನಿಕ ವಸತಿ. ಅದರೊಳಗಿನ ಹಾಸಿಗೆಗಳನ್ನು ಒಂದರ ಪಕ್ಕಕ್ಕೊಂದು ಇಟ್ಟರೆ ನಾಲ್ಕು ಮೈಲಿಯಾಗುತ್ತಿತ್ತಂತೆ. ಅಡಿಯಲ್ಲಿ ಕಟ್ಟಿಕೊಂಡು ನಾರುವ ಚರಂಡಿಗಳು, ಗೋಡೆಗಳಲ್ಲಿ ತೇವ, ಎಲ್ಲೆಲ್ಲಿಯೂ ಇಲಿ ಹೇನುಗಳು. ಬಟ್ಟಲಿಲ್ಲ, ಸಾಬೂನಿಲ್ಲ, ಉಡಲು ಒಗೆದ ಅಂಗಿಯಿಲ್ಲ. ಸುಮಾರು ನಲವತ್ತು ಮಂದಿಯ ಈ ತಂಡಕ್ಕೆ ದೊರೆತದ್ದು ಮೂಲೆಯ ಗೋಪುರದ ಕೆಲವೇ ಕೋಣೆಗಳು. ಸೈನ್ಯದ ವೈದ್ಯರು ಹೆಂಗಸರನ್ನು ಒಳಗೆ ಬಿಡಲು ಮೊದಲು ಒಪ್ಪಲಿಲ್ಲ. ಆಕೆ ಜಗಳವಾಡಲಿಲ್ಲ. ಕರೆಯುವವರೆಗೆ ಯಾರೂ ವಾರ್ಡಿಗೆ ಕಾಲಿಡಬಾರದೆಂದು ಅಪ್ಪಣೆ ಮಾಡಿ, ಎಲ್ಲರನ್ನೂ ಪಟ್ಟಿ ದಿಂಬುಗಳ ಹೊಲಿಗೆಗೆ ಕೂರಿಸಿದಳು. ಇಂಕರ್ಮನ್ ಕದನದ ಗಾಯಾಳುಗಳು ತಂಡತಂಡವಾಗಿ ಬಂದಿಳಿದಾಗ ವೈದ್ಯರೇ ಕರೆ ಕಳಿಸಿದರು.

ಅಂದಿನಿಂದ ಚಳಿಗಾಲದ ಉದ್ದಕ್ಕೂ ನಡೆದದ್ದು ಇಂದಿನ ಯಾವ ತುರ್ತು ವಿಭಾಗದವರಿಗಾದರೂ ಗುರುತು ಸಿಗುವಂಥದು. ಒಬ್ಬ ರೋಗಿಯ ಕೆಲಸ ಮುಗಿಯುವ ಮುನ್ನ ಇನ್ನು ಹತ್ತು ಮಂದಿ ಬಾಗಿಲಲ್ಲಿರುತ್ತಿದ್ದರು. ಒಂದೊಂದು ದಿನ ಆಕೆ ಇಪ್ಪತ್ತು ತಾಸು ನಿಂತೇ ಇರುತ್ತಿದ್ದಳೆಂದು ಜೊತೆಯಲ್ಲಿದ್ದವರು ಹೇಳಿದ್ದಾರೆ. ರಾತ್ರಿ ಎಂಟರ ಮೇಲೆ ಬೇರೆ ದಾದಿಯರನ್ನು ವಾರ್ಡಿಗೆ ಬಿಡದೆ ತಾನೊಬ್ಬಳೇ ಸುತ್ತು ಬರುತ್ತಿದ್ದಳು. ಲೋಕಪ್ರಸಿದ್ಧವಾದ ಆ ದೀಪ ಚಿತ್ರಗಳಲ್ಲಿ ಬರೆದಂತೆ ಹಣತೆಯ ಆಕಾರದ್ದಲ್ಲ. ಮಡಿಸಿಡಬಹುದಾದ ಬಟ್ಟೆ ಕಾಗದಗಳ ತುರ್ಕಿ ಲಾಟೀನು. ಸುತ್ತು ಮುಗಿದ ಮೇಲೆ ಆ ಬೆಳಕಿನಲ್ಲಿ ಆಕೆ ಮಾಡುತ್ತಿದ್ದುದು ಲೆಕ್ಕ ಬರೆಯುವುದು, ಸತ್ತ ಸಿಪಾಯಿಯ ತಾಯಿಗೆ ಕಾಗದ ಬರೆಯುವುದು, ಸಾಮಾನುಗಳಿಗಾಗಿ ಲಂಡನ್ನಿಗೆ ಬರೆಯುವುದು. ಬಟ್ಟೆ ಒಗೆಯಲು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಬಿಸಿನೀರಿನ ಹಂಡೆಗಳನ್ನು ಹೂಡಿ, ಸಿಪಾಯಿಗಳ ಹೆಂಡಂದಿರಿಗೆ ಅಲ್ಲಿ ಕೂಲಿ ಕೊಡಿಸಿದಳು. ಕರುಣೆಗಿಂತ ಹೆಚ್ಚಾಗಿ ಇಲ್ಲಿ ಕೆಲಸ ಮಾಡಿದ್ದು ಗೃಹಕೃತ್ಯದ ಜಾಣ್ಮೆ.

ಇಷ್ಟಾದರೂ ಸಾವು ನಿಲ್ಲಲಿಲ್ಲ. ಸ್ಮರಣೋತ್ಸವದ ಭಾಷಣಗಳಲ್ಲಿ, ನನ್ನ ಭಾಷಣವೂ ಸೇರಿ, ಈ ಭಾಗ ಬಿಟ್ಟುಹೋಗುತ್ತದೆ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಆಕೆ ಬಂದು ಮೂರು ತಿಂಗಳಾಗಿತ್ತು. ಆಕೆಯಾಗಲಿ ಆಕೆಯ ದಾದಿಯರಾಗಲಿ ಶ್ರಮದಲ್ಲಿ ಕಡಿಮೆ ಮಾಡಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಸರಕಾರದ ನೈರ್ಮಲ್ಯ ಆಯೋಗ ಬಂದಿತು. ಡಾಕ್ಟರ್ ಸದರ್ಲೆಂಡನೂ ಎಂಜಿನಿಯರ್ ರಾಲಿನ್ಸನನೂ ಕಟ್ಟಡದ ಅಡಿಯನ್ನು ಅಗೆಸಿ ನೋಡಿದರು. ಚರಂಡಿಗಳನ್ನು ತೊಳೆಸಿದರು, ಗಾಳಿ ಆಡಲು ಕಿಂಡಿಗಳನ್ನು ತೆಗೆಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಕುಡಿಯುವ ನೀರಿನ ದಾರಿಯಲ್ಲಿ ಕೊಳೆಯುತ್ತಿದ್ದ ಕುದುರೆಯ ಹೆಣವನ್ನು ಎತ್ತಿಸಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ರಾತ್ರಿಯೆಲ್ಲ ಎಚ್ಚರವಿದ್ದ ಮನುಷ್ಯರ ಧೈರ್ಯದಿಂದ ಆಗದೆ ಉಳಿದ ಕೆಲಸ ಚರಂಡಿಯ ಶುದ್ಧಿಯಿಂದ ಆಯಿತು.

ಬಳಲಿಕೆ ಆಕೆಯನ್ನು ಬಿಡಲಿಲ್ಲ. ವೈದ್ಯಾಧಿಕಾರಿಗಳ ಅಸೂಯೆ, ತನ್ನವರೊಳಗಿನ ಪಂಥದ ಜಗಳ, ಕುಡಿತಕ್ಕಾಗಿ ಮನೆಗೆ ಕಳಿಸಬೇಕಾದ ದಾದಿಯರು, ಜ್ವರದಿಂದ ಸತ್ತ ದಾದಿಯರು, ಇವೆಲ್ಲ ದೇಹಶ್ರಮಕ್ಕಿಂತ ಭಾರವಾಗಿದ್ದವು. 1855ರ ಮೇ ತಿಂಗಳಲ್ಲಿ ಕ್ರಿಮಿಯಾಕ್ಕೆ ಹೋದಾಗ ಆಕೆಯೂ ಜ್ವರಕ್ಕೆ ಬಿದ್ದು, ಬದುಕುವುದೇ ಸಂದೇಹವೆನ್ನುವ ಸ್ಥಿತಿಗೆ ಬಂದಳು. ಎದ್ದು ಕೂತ ಮೇಲೆ ಊರಿಗೆ ಮರಳಬೇಕೆಂಬ ಸಲಹೆಯನ್ನು ತಳ್ಳಿಹಾಕಿ, ಕೊನೆಯ ರೋಗಿ ಹೊರಟುಹೋಗುವವರೆಗೂ ಅಲ್ಲಿಯೇ ಇದ್ದಳು. 1856ರ ಆಗಸ್ಟಿನಲ್ಲಿ ಸ್ವಾಗತದ ಗದ್ದಲಕ್ಕೆ ಸಿಕ್ಕದಂತೆ ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ ಮನೆ ಸೇರಿದಳು.

ಪಾಠಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಆಗ ಆಕೆಗೆ ಮೂವತ್ತಾರು ವರ್ಷ. ಇನ್ನು ಐವತ್ತನಾಲ್ಕು ವರ್ಷ ಬದುಕುವುದಿತ್ತು. ಸತ್ತ ಸಿಪಾಯಿಗಳ ನೆನಪು ಆಕೆಯನ್ನು ಬಿಡದೆ ಕಾಡಿತು. ಊಟ ಸೇರದು, ನಿದ್ದೆ ಬಾರದು. ಅಂಥ ಸ್ಥಿತಿಯಲ್ಲಿಯೇ ಆಕೆ ಸೈನ್ಯದ ಆರೋಗ್ಯವನ್ನು ಕುರಿತ ರಾಜ ಆಯೋಗಕ್ಕಾಗಿ ಹಗಲಿರುಳು ದುಡಿದಳು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್‌ನೊಡನೆ ಕೂತು ಸಾವುಗಳ ಲೆಕ್ಕ ತೆಗೆದಾಗ ಯುದ್ಧದಲ್ಲಿ ಗಾಯದಿಂದ ಸತ್ತವರಿಗಿಂತ ತಡೆಯಬಹುದಾದ ರೋಗಗಳಿಂದ ಸತ್ತವರು ಎಷ್ಟೋ ಪಾಲು ಹೆಚ್ಚೆಂಬುದು ಹೊರಬಿತ್ತು. ಯುದ್ಧವಿಲ್ಲದ ದಿನಗಳಲ್ಲಿಯೂ ಇಂಗ್ಲೆಂಡಿನ ಸಿಪಾಯಿ ವಸತಿಗಳಲ್ಲಿ ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಇಮ್ಮಡಿ ಸಾವು. ಅಂಕಿಗಳನ್ನು ಓದದ ಮಂತ್ರಿಗಳೂ ಒಂದು ನೋಟಕ್ಕೆ ತಿಳಿಯುವಂತೆ ಆಕೆ ಅವನ್ನು ಬಣ್ಣದ ವರ್ತುಲ ಚಿತ್ರವಾಗಿ ಬರೆಸಿದಳು: ತಡೆಯಬಹುದಾದ ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದುದಕ್ಕೆ ಕಪ್ಪು. ಚಿತ್ರದ ತುಂಬ ನೀಲಿಯೇ.

1857ರ ಆಗಸ್ಟಿನಲ್ಲಿ ಆಕೆ ಕುಸಿದುಬಿದ್ದಳು. ಎದೆಬಡಿತ, ಉಸಿರುಕಟ್ಟು, ಬೆನ್ನುಮೂಳೆಯ ನೋವು, ಮನಸ್ಸಿನ ಖಿನ್ನತೆ. ಮುಂದಿನ ಇಪ್ಪತ್ತುಮೂರು ವರ್ಷಗಳ ಬಹುಭಾಗ ಆಕೆ ಹಾಸಿಗೆಯಲ್ಲಿಯೋ ಒರಗುಪೀಠದಲ್ಲಿಯೋ ಕಳೆದಳು. ಕೆಲವು ವರ್ಷ ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿ ಒಯ್ಯಬೇಕಾಗಿತ್ತು. ಇದು ಬರಿಯ ಸೋಗೆಂದು ಹಳೆಯ ಕೆಲವು ಜೀವನಚರಿತ್ರಕಾರರು ಸೂಚಿಸಿದ್ದುಂಟು. ಕ್ರಿಮಿಯಾದಲ್ಲಿ ತಗಲಿದ ಜ್ವರ ಬ್ರುಸೆಲ್ಲೋಸಿಸ್ ಎಂಬ, ಹಸಿ ಹಾಲಿನಿಂದ ಹರಡುವ, ವರ್ಷಗಟ್ಟಲೆ ಕಾಡುವ ಬೇನೆಯಾಗಿರಬೇಕೆಂದು 1995ರಲ್ಲಿ ಒಬ್ಬ ಸಂಶೋಧಕನು ತೋರಿಸಿಕೊಟ್ಟನು. ಇಂದು ಅನೇಕರು ಅದನ್ನು ಒಪ್ಪುತ್ತಾರೆ. ಆಕೆಯ ಆಸ್ಪತ್ರೆಯಲ್ಲಿಯೇ ಸಾವಿರಾರು ಮಂದಿ ಕೆಟ್ಟ ಚರಂಡಿಯಿಂದ ಸತ್ತರೆಂಬ ಸತ್ಯ ಲೆಕ್ಕದಲ್ಲಿ ಹೊರಬಿದ್ದುದೇ ಕುಸಿತಕ್ಕೆ ಕಾರಣವೆಂದು 1998ರಲ್ಲಿ ಇನ್ನೊಬ್ಬ ಚರಿತ್ರಕಾರನು ವಾದಿಸಿದನು. ಇದನ್ನು ಒಪ್ಪದವರೂ ಇದ್ದಾರೆ. ನನಗೆ ತೋರುವ ಮಟ್ಟಿಗೆ ದೇಹದ ಬೇನೆಯನ್ನೂ ಮನಸ್ಸಿನ ಬೇನೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು ಕಷ್ಟ. ನನ್ನ ತಂಗಿಯ ಮಗಳಿಗೆ ರಾತ್ರಿ ಪಾಳಿಯ ನಂತರ ಬರುವ ತಲೆನೋವು ಯಾವುದರದೆಂದು ಆಕೆಗೇ ತಿಳಿಯದು.

ಹಾಸಿಗೆ ಹಿಡಿದವಳು ಕೆಲಸ ಬಿಡಲಿಲ್ಲ ಎಂಬುದನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ಯಾವ ಕೆಲಸವೆಂಬುದನ್ನು ನಾವು ಗಮನಿಸಬೇಕು. ಆಕೆ ಮತ್ತೆ ದೀಪ ಹಿಡಿದು ವಾರ್ಡು ಸುತ್ತಲಿಲ್ಲ. ದೀಪ ಹಿಡಿದು ಸುತ್ತುವವಳು ಒಬ್ಬಳ ಮೇಲೆಯೇ ಎಲ್ಲ ಭಾರ ಬೀಳದಂತೆ ಆಸ್ಪತ್ರೆಯನ್ನು ಹೇಗೆ ಕಟ್ಟಬೇಕು, ಹೇಗೆ ನಡೆಸಬೇಕು ಎಂಬುದನ್ನು ಬರೆದಳು. ಕಿಟಕಿಗಳ ಅಳತೆ, ಮಂಚಗಳ ನಡುವಿನ ಅಂತರ, ನೆಲದ ಹಾಸು, ಕಕ್ಕಸಿನ ಸ್ಥಾನ, ಇವೆಲ್ಲ ಆಕೆಯ ವಿಷಯ. ಶುಶ್ರೂಷೆಯನ್ನು ಕುರಿತು ಆಕೆ ಬರೆದ ಚಿಕ್ಕ ಪುಸ್ತಕದಲ್ಲಿ ಗದ್ದಲದ ಮೇಲೆ ಒಂದು ಅಧ್ಯಾಯವಿದೆ. ಬೇಡದ ಸದ್ದು ರೋಗಿಯನ್ನು ಹೇಗೆ ಕೊರೆಯುತ್ತದೆಂಬುದನ್ನು ಅಲ್ಲಿ ವಿವರಿಸಿದ್ದಾಳೆ. ಇನ್ನೊಂದು ಅಧ್ಯಾಯ ಸಣ್ಣಪುಟ್ಟ ವ್ಯವಸ್ಥೆಯನ್ನು ಕುರಿತದ್ದು. ತಾನಿರುವಾಗ ಮಾಡುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಿಡುವುದೇ ಮೇಲ್ವಿಚಾರಣೆ. ತಾನಿಲ್ಲದಿದ್ದರೆ ಎಲ್ಲ ನಿಂತುಹೋಗುತ್ತದೆಂದು ಹೆಮ್ಮೆಪಡುವವಳು ಒಳ್ಳೆಯ ಮೇಲ್ವಿಚಾರಕಿಯಲ್ಲ ಎಂಬುದು ಅದರ ಸಾರ. ಸ್ಕುಟಾರಿಯಲ್ಲಿ ಎಲ್ಲವನ್ನೂ ತಾನೇ ಮೈಮೇಲೆ ಹಾಕಿಕೊಂಡವಳ ಪಶ್ಚಾತ್ತಾಪವೂ ಆ ಪುಟಗಳಲ್ಲಿ ಅಡಗಿರಬಹುದೆಂದು ನನಗೆ ಅನ್ನಿಸಿತು.

1860ರಲ್ಲಿ, ಜನರು ಆಕೆಯ ಗೌರವಾರ್ಥ ಕೂಡಿಸಿದ ನಿಧಿಯಿಂದ, ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆ ತೆರೆಯಿತು. ಒಂದು ವರ್ಷದ ಪಾಠ. ಅಲ್ಲಿನ ಒಂದು ನಿಯಮ ನನಗೆ ಬಹಳ ಹಿಡಿಸಿತು: ಪ್ರತಿ ಶಿಷ್ಯೆಗೂ ಮಲಗಲು ಆಕೆಯದೇ ಆದ ಒಂದು ಕೋಣೆ. ಹತ್ತು ಜನರ ನೋವನ್ನು ದಿನವೆಲ್ಲ ಹೊತ್ತವಳಿಗೆ ಬಾಗಿಲು ಹಾಕಿಕೊಂಡು ಕೂಡಲು ನಾಲ್ಕು ಗೋಡೆಗಳು ಬೇಕೆಂಬುದನ್ನು ಆ ಶಾಲೆ ಮೊದಲ ದಿನದಿಂದಲೂ ಒಪ್ಪಿಕೊಂಡಿತ್ತು. ಶಿಷ್ಯೆಯರು ಬಳಲಿದಾಗ ಅವರನ್ನು ಹಳ್ಳಿಗೋ ಕಡಲತೀರಕ್ಕೋ ತನ್ನ ಖರ್ಚಿನಲ್ಲಿ ವಿಶ್ರಾಂತಿಗೆ ಕಳಿಸುವುದು ಗುರುವಿನ ವಾಡಿಕೆಯಾಗಿತ್ತು. ತನಗೆ ಸಿಕ್ಕದ ವಿಶ್ರಾಂತಿಯನ್ನು ಆಕೆ ಅವರಿಗೆ ಕಡ್ಡಾಯ ಮಾಡಿದಳು.

ಈ ಹಾಸಿಗೆಯ ವರ್ಷಗಳಲ್ಲಿಯೇ ಆಕೆಯ ಗಮನ ನಮ್ಮ ದೇಶದ ಕಡೆಗೆ ಹೊರಳಿತು. ನಾನು ದಿನವೂ ಸುತ್ತುವ ಈ ಕೋಟೆ ರಟ್ಟರ ಕಾಲದ್ದು. ಒಳಗಿನ ಕಮಲ ಬಸದಿಯೂ 1204ರದು. 1818ರಲ್ಲಿ ಮನ್ರೋ ಇದನ್ನು ಮುತ್ತಿ ಹಿಡಿದ ಮೇಲೆ ಬೆಳಗಾವಿ ಮುಂಬಯಿ ಸೈನ್ಯದ ಮುಖ್ಯ ದಂಡಿನ ಊರುಗಳಲ್ಲಿ ಒಂದಾಯಿತು. ಇಂಥ ದಂಡಿನ ಊರುಗಳಲ್ಲಿ ಇಂಗ್ಲಿಷ್ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಬಹುಪಾಲು ಯುದ್ಧದಿಂದಲ್ಲ, ಜ್ವರ, ಆಮಶಂಕೆ, ವಾಂತಿಭೇದಿಗಳಿಂದ. 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಆಕೆ ಪ್ರಶ್ನಾವಳಿಯನ್ನು ಸಿದ್ಧಪಡಿಸಿ ಭಾರತದ ದಂಡಿನ ಠಾಣ್ಯಗಳಿಗೆಲ್ಲ ಕಳಿಸಿದಳು. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಒಂದು ಕೊಠಡಿಯಲ್ಲಿ ಎಷ್ಟು ಜನ, ಆಸ್ಪತ್ರೆಯಲ್ಲಿ ಸ್ನಾನಕ್ಕೆ ಏನಿದೆ ಎಂಬಂಥ ಪ್ರಶ್ನೆಗಳು. ಗಾಡಿ ತುಂಬ ಬಂದ ಉತ್ತರಗಳನ್ನು ಹಾಸಿಗೆಯಲ್ಲಿ ಮಲಗಿಯೇ ಓದಿ, ಅವುಗಳ ಸಾರವನ್ನು ತಾನೇ ಬರೆದು, 1863ರ ವರದಿಯೊಡನೆ ಅಚ್ಚಿಗೆ ಕೊಟ್ಟಳು. ಮರುವರ್ಷ ಬಂಗಾಳ, ಮದ್ರಾಸು, ಮುಂಬಯಿ ಪ್ರಾಂತಗಳಲ್ಲಿ ನೈರ್ಮಲ್ಯದ ಆಯೋಗಗಳು ಏರ್ಪಟ್ಟವು. ಹತ್ತು ವರ್ಷದ ಮೇಲೆ ಲೆಕ್ಕ ನೋಡಿದಾಗ ಸಾವಿರಕ್ಕೆ 69 ಇದ್ದ ಸಾವು 18ಕ್ಕೆ ಇಳಿದಿತ್ತು.

ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಸಾಮ್ರಾಜ್ಯದ ಹಿತವೇ ಆಕೆಯ ಮೊದಲ ದೃಷ್ಟಿಯಾಗಿತ್ತೆಂಬುದನ್ನು ಮರೆಮಾಡಬೇಕಾಗಿಲ್ಲ. ಆದರೆ ದಂಡಿನ ಬೇಲಿಯ ಹೊರಗಿನ ಊರು ಕೊಳೆತರೆ ಬೇಲಿಯ ಒಳಗಿನ ಸಿಪಾಯಿಯೂ ಉಳಿಯುವುದಿಲ್ಲವೆಂಬ ಲೆಕ್ಕ ಆಕೆಯನ್ನು ಮುಂದಕ್ಕೆ ಎಳೆಯಿತು. ಹಳ್ಳಿಯ ಬಾವಿ, ನೀರಾವರಿ, ರೈತನ ಸಾಲ, 1876ರಿಂದ 1878ರವರೆಗೆ ನಮ್ಮ ಸೀಮೆಗಳನ್ನೂ ಸುಟ್ಟ ಆ ಘೋರ ಬರ, ಇವುಗಳ ಮೇಲೆ ಆಕೆ ಬರೆದದ್ದು ಅಧಿಕಾರಿಗಳಿಗೆ ಹಿತವಾಗಲಿಲ್ಲ. ಭಾರತದ ಆಸ್ಪತ್ರೆಗಳಿಗೆ ದಾದಿಯರನ್ನು ಒದಗಿಸುವ ಬಗೆಯನ್ನು ಕುರಿತು 1865ರಲ್ಲಿ ಆಕೆ ಸಲಹೆ ಬರೆದುಕೊಟ್ಟಳು. ವೆಚ್ಚ ಹೆಚ್ಚಾಗುತ್ತದೆಂದು ಯೋಜನೆ ಮೂಲೆಗೆ ಬಿದ್ದಿತು. ಇಲ್ಲಿನ ಸೈನಿಕ ಆಸ್ಪತ್ರೆಗಳಿಗೆ ಶಿಕ್ಷಣ ಪಡೆದ ದಾದಿಯರ ಮೊದಲ ತಂಡ ಬಂದಿಳಿಯಲು 1888 ಆಗಬೇಕಾಯಿತು. ದಾದಿಯರ ವಿಷಯ ಬಂದಾಗ ಖಜಾನೆಯ ಬಾಯಿ ಬಿಗಿಯುವುದು ಹೊಸ ರೋಗವಲ್ಲ.

ಆಕೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸೂಕ್ಷ್ಮಜೀವಿಗಳಿಂದ ರೋಗ ಹರಡುತ್ತದೆಂಬ ಹೊಸ ಶಾಸ್ತ್ರವನ್ನು ಒಪ್ಪಲು ಬಹಳ ಕಾಲ ಹಿಂಜರಿದಳು. ದಾದಿಯರ ಹೆಸರನ್ನು ಸರಕಾರಿ ಪಟ್ಟಿಯಲ್ಲಿ ನೋಂದಾಯಿಸಬೇಕೆಂಬ ಚಳವಳಿಯನ್ನು ವಿರೋಧಿಸಿದಳು. ತಾನು ದುಡಿದಂತೆಯೇ ತನ್ನ ಸುತ್ತಲಿನವರೂ ದುಡಿಯಬೇಕೆಂದು ನಿರೀಕ್ಷಿಸಿ ಅವರನ್ನು ದಣಿಸಿದಳು. ಮೂತ್ರಪಿಂಡದ ಬೇನೆಯಿಂದ ಕರಗಿಹೋಗುತ್ತಿದ್ದ ಸಿಡ್ನಿ ಹರ್ಬರ್ಟನನ್ನು ಕೊನೆಯವರೆಗೂ ಕೆಲಸಕ್ಕೆ ಒತ್ತಾಯಿಸಿದಳು; 1861ರಲ್ಲಿ ಅವನು ತೀರಿಕೊಂಡಾಗ ಆಕೆಯ ದುಃಖಕ್ಕೆ ಮೇರೆಯಿರಲಿಲ್ಲ. ಬಳಲಿಕೆಯನ್ನು ಬಲ್ಲವರೂ ಇನ್ನೊಬ್ಬರ ಬಳಲಿಕೆಯನ್ನು ಕಾಣದೆ ಹೋಗಬಹುದು. ಮೇಲಧಿಕಾರದಲ್ಲಿರುವ ಹಿರಿಯ ದಾದಿಯರು ಈ ಭಾಗವನ್ನು ಎರಡು ಸಲ ಓದಬೇಕು.

ವಯಸ್ಸಾದಂತೆ ಬೇನೆ ತುಸು ಸಡಿಲಿತು, ಸ್ವಭಾವವೂ ಮೆತ್ತಗಾಯಿತು. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಬಿರುದು ಬಂದಿತು. ಅದನ್ನು ಪಡೆದ ಮೊದಲ ಮಹಿಳೆ ಆಕೆ. 1910ರ ಆಗಸ್ಟ್ 13ರಂದು, ತೊಂಬತ್ತು ತುಂಬಿದ ಮೇಲೆ, ನಿದ್ದೆಯಲ್ಲಿಯೇ ತೀರಿಕೊಂಡಳು. ದೊರೆಗಳೊಡನೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೂಳುವ ಮರ್ಯಾದೆಯನ್ನು ಮನೆಯವರು ಬೇಡವೆಂದರು. ಹಳ್ಳಿಯ ಇಗರ್ಜಿಯ ಅಂಗಳದ ಕಲ್ಲಿನ ಮೇಲೆ ಆಕೆಗಾಗಿ ಕೊರೆದದ್ದು ಹೆಸರಿನ ಎರಡು ಮೊದಲಕ್ಷರ ಮತ್ತು ಹುಟ್ಟು ಸಾವುಗಳ ಕಾಲ ಮಾತ್ರ.

ಓದು ಮುಗಿಸಿ ಪುಸ್ತಕ ಕೆಳಗಿಟ್ಟಾಗ ನನ್ನ ಭಾಷಣದ ತಪ್ಪು ನನಗೆ ಸ್ಪಷ್ಟವಾಯಿತು. ಎರಡು ವರ್ಷಗಳ ದೀಪವನ್ನು ನಾವು ಪೂಜಿಸುತ್ತ, ಐವತ್ತು ವರ್ಷಗಳ ಲೆಕ್ಕಪತ್ರವನ್ನು ಮರೆತಿದ್ದೇವೆ. ದೀಪ ಹೊಗಳಿಕೆಗೆ ಒದಗುತ್ತದೆ, ಖರ್ಚಿಲ್ಲ. ಲೆಕ್ಕಪತ್ರ ಹಾಗಲ್ಲ, ಅದು ಮಂಚಗಳಿಗೆ ತಕ್ಕಷ್ಟು ದಾದಿಯರನ್ನು ಕೇಳುತ್ತದೆ, ಪಾಳಿಯ ನಡುವೆ ಬಿಡುವನ್ನು ಕೇಳುತ್ತದೆ, ಮಲಗಲು ಕೋಣೆಯನ್ನು ಕೇಳುತ್ತದೆ. ಕೆಲಸದ ಒತ್ತಡ ಬಹುದಿನ ಇಳಿಯದೆ ಇದ್ದಾಗ ಮನುಷ್ಯನು ಒಳಗಿಂದೊಳಗೆ ಬತ್ತಿಹೋಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಸೂಚಿಯಲ್ಲಿ ಹೆಸರಿಸಿತು. ಅದನ್ನು ವ್ಯಕ್ತಿಯ ರೋಗವೆನ್ನದೆ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿಯೆಂದು ಕರೆಯಿತು. ಮರುವರ್ಷವೇ ಕೋವಿಡ್ ಬಂದಿತು. ಆಗ ನಾವು ಬಾಲ್ಕನಿಗಳಲ್ಲಿ ನಿಂತು ತಟ್ಟೆ ಬಾರಿಸಿ, ದೀಪ ಹಚ್ಚಿ ಗೌರವ ಸಲ್ಲಿಸಿದೆವು. ತಪ್ಪಲ್ಲ, ಆದರೆ ಆ ಸದ್ದಿನಿಂದ ಯಾವ ವಾರ್ಡಿಗೂ ಒಬ್ಬ ದಾದಿ ಹೆಚ್ಚಾಗಲಿಲ್ಲ.

ಧೃತಿಯೆಂಬುದು ದೊಡ್ಡ ಗುಣವೇ. ನನ್ನ ತಂಗಿಯ ಮಗಳಲ್ಲಿ ಅದು ಬೇಕಾದಷ್ಟಿದೆ. ಇಲ್ಲದಿದ್ದರೆ ಆ ಹುಡುಗ ಸತ್ತ ಮರುರಾತ್ರಿ ಆಕೆ ಮತ್ತೆ ಕೆಲಸಕ್ಕೆ ಹೋಗುತ್ತಿರಲಿಲ್ಲ. ಆದರೆ ಆ ರಾತ್ರಿ ಆಕೆಯೊಡನೆ ಪಾಳಿಯಲ್ಲಿದ್ದ ಇನ್ನೊಬ್ಬ ಹಿರಿಯ ದಾದಿ, ಮಾತಾಡದೆ, ಆಕೆಯ ಕೈಗೆ ಚಹಾದ ಲೋಟ ಕೊಟ್ಟು ಹತ್ತು ನಿಮಿಷ ಹೊರಗೆ ಕೂತು ಬಾ ಎಂದು ಕಳಿಸಿ, ತಾನೇ ಆ ಮಂಚಗಳ ಬಳಿ ನಿಂತಳಂತೆ. ಆ ಹತ್ತು ನಿಮಿಷ ಇಲ್ಲದೆ ಹೋಗಿದ್ದರೆ ತಾನು ಈ ಕೆಲಸವನ್ನೇ ಬಿಟ್ಟುಬಿಡುತ್ತಿದ್ದೆನೆಂದು ಆಕೆ ಈಗಲೂ ಹೇಳುತ್ತಾಳೆ. ಹಾರ್ಲಿ ಬೀದಿಯ ಬಿಸಿನೀರಿನ ಕೊಳವೆಗೂ ಈ ಚಹಾದ ಲೋಟಕ್ಕೂ ಒಂದೇ ಅರ್ಥ. ಒಬ್ಬಳ ಒಳ್ಳೆಯತನದಿಂದ ಒಂದು ರಾತ್ರಿ ಸಿಕ್ಕಿದ್ದು ದಿನದಿನವೂ ನಿಯಮವಾಗಿ ಸಿಕ್ಕಬೇಕು.

ಬರುವ ಮೇ 12ರಂದು ಯಾರಾದರೂ ನನ್ನನ್ನು ಮತ್ತೆ ಭಾಷಣಕ್ಕೆ ಕರೆದರೆ ಬತ್ತಿಯ ಉಪಮೆಯನ್ನು ನಾನು ಎತ್ತುವುದಿಲ್ಲ. ಸಭೆಯಲ್ಲಿರುವ ಆಡಳಿತದವರನ್ನು ಒಂದೆರಡು ಪ್ರಶ್ನೆ ಕೇಳುತ್ತೇನೆ. ನಿನ್ನೆ ರಾತ್ರಿ ನಿಮ್ಮ ತುರ್ತು ವಿಭಾಗದಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ದಾದಿಯರಿದ್ದರು, ಅವರಲ್ಲಿ ಎಷ್ಟು ಮಂದಿ ಕೂತು ಊಟ ಮಾಡಿದರು? ನೈಟಿಂಗೇಲಳು ಇದ್ದಿದ್ದರೆ ಕೇಳುತ್ತಿದ್ದುದು ಇದನ್ನೇ ಎಂದು ನನಗೀಗ ನಂಬಿಕೆಯಾಗಿದೆ. ಉತ್ತರವನ್ನು ಆಕೆ ಬರೆದುಕೊಳ್ಳುತ್ತಿದ್ದಳು ಕೂಡ.